ಮಾಂಟ್ರಿಯಲ್‌ಗೆ ಹೋಗುವವರಿಗೆ: ಟಿಕೆಟ್ ಸಿಗದಿದ್ದರೂ ನೋಡಬಹುದಾದ ಹಾಕಿ ಚರಿತ್ರೆ

ಟೊರೊಂಟೊ ಕಡೆಯ ನಮ್ಮ ಜನ ಮಾಂಟ್ರಿಯಲ್‌ಗೆ ಹೋಗುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ನಯಾಗರಾ ಆಯಿತು, ಥೌಸಂಡ್ ಐಲ್ಯಾಂಡ್ಸ್ ಆಯಿತು, ಇನ್ನು ನೋತ್ರ ದಾಮ್ ಚರ್ಚು, ಬೆಟ್ಟದ ಮೇಲಿಂದ ಊರಿನ ನೋಟ, ಒಂದು ಬೇಗಲ್, ವಾಪಸ್. ನಾವು ಹೋದದ್ದು ಫೆಬ್ರವರಿಯ ಚಳಿಯಲ್ಲಿ, ಅದೂ ಐಸ್ ಹಾಕಿಗಾಗಿ. ನನ್ನ ಗಂಡನಿಗೆ ಈ ದೇಶಕ್ಕೆ ಬಂದಾಗಿನಿಂದ ಹಾಕಿ ಹುಚ್ಚು. ದಾವಣಗೆರೆಯಿಂದ ಬಂದಿದ್ದ ನಮ್ಮ ಮಾವನವರು ಧ್ಯಾನ್ ಚಂದ್ ಹೆಸರೆತ್ತಿದರೆ ಊಟ ಮರೆಯುವವರು. ನನಗೆ ಆಟಕ್ಕಿಂತ ಆಟದ ಹಿಂದಿನ ಕಥೆಗಳೇ ಇಷ್ಟ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರವಾಸದಲ್ಲಿ ಅತಿ ದುಬಾರಿಯಾದದ್ದು ಪಂದ್ಯದ ಟಿಕೆಟ್, ಆದರೆ ಅತಿ ಮುಖ್ಯವಾದದ್ದು ಅದಲ್ಲ. ಮಾಂಟ್ರಿಯಲ್ ಕೆನೇಡಿಯನ್ಸ್ ಐಸ್ ಹಾಕಿ ಕ್ಲಬ್‌ನ ನೂರು ವರ್ಷ ಮೀರಿದ ಚರಿತ್ರೆ ಊರಿನ ರಸ್ತೆಗಳಲ್ಲೇ ಹರಡಿಕೊಂಡಿದೆ. ಅದಕ್ಕೆ ಮೆಟ್ರೋ ಪಾಸ್ ಮತ್ತು ಜಾರದ ಬೂಟು ಸಾಕು. ಕಥೆ ತಿಳಿಯದೆ ಬರೀ ಪಂದ್ಯ ನೋಡಿ ಬಂದವರು ಗಲಾಟೆ ಕೇಳಿಸಿಕೊಂಡು ಬಂದಿರುತ್ತಾರೆ, ಅಷ್ಟೇ.

ಹೋಗುವ ದಾರಿ

ಟೊರೊಂಟೊದಿಂದ ಮಾಂಟ್ರಿಯಲ್ ಸುಮಾರು 540 ಕಿ.ಮೀ. ಕಾರಲ್ಲಿ 401 ಹಿಡಿದು ಹೋದರೆ ಕ್ವಿಬೆಕ್ ಗಡಿಯಲ್ಲಿ ಅದೇ ರಸ್ತೆ 20 ಆಗುತ್ತದೆ. ಬೇಸಿಗೆಯಾದರೆ ಕಾರೇ ಸರಿ. ಚಳಿಗಾಲದಲ್ಲಿ ರೈಲು ಹತ್ತಿ ಅನ್ನುತ್ತೇನೆ. ಯೂನಿಯನ್ ಸ್ಟೇಷನ್‌ನಿಂದ ಐದು, ಐದೂವರೆ ಗಂಟೆಯಲ್ಲಿ ಮಾಂಟ್ರಿಯಲ್ ಸೆಂಟ್ರಲ್ ಸ್ಟೇಷನ್ ತಲುಪುತ್ತೀರಿ. ಹಿಮ ಬಿದ್ದ ದಿನ ರೈಲು ತಡವಾಗುವುದುಂಟು, ಆದ್ದರಿಂದ ಪಂದ್ಯದ ದಿನವೇ ಹೊರಡಬೇಡಿ, ಹಿಂದಿನ ದಿನವೇ ಸೇರಿಕೊಳ್ಳಿ.

ರೈಲಿನ ದೊಡ್ಡ ಲಾಭ ಇಳಿದ ಮೇಲೆ ಗೊತ್ತಾಗುತ್ತದೆ. ಮಾಂಟ್ರಿಯಲ್ ಪೇಟೆಯ ಕೆಳಗೆ ಮೂವತ್ತು ಕಿ.ಮೀ.ಗೂ ಹೆಚ್ಚು ಉದ್ದದ ನೆಲದಡಿ ದಾರಿಗಳ ಜಾಲವಿದೆ. ಸೆಂಟ್ರಲ್ ಸ್ಟೇಷನ್‌ನಿಂದ ಬೋನವೆಂಚರ್ ಮೆಟ್ರೋ, ಅಲ್ಲಿಂದ ಕೆನೇಡಿಯನ್ಸ್ ಆಡುವ ಬೆಲ್ ಸೆಂಟರ್, ಇಷ್ಟನ್ನೂ ಹಿಮಕ್ಕೆ ತಲೆಯೊಡ್ಡದೆ ಒಳಗಿಂದೊಳಗೇ ನಡೆಯಬಹುದು. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಈ ಸುತ್ತಮುತ್ತಲೇ ಹೋಟೆಲ್ ಹಿಡಿಯಿರಿ. ನೂರಿನ್ನೂರು ಡಾಲರ್ ಉಳಿಸಲು ಊರಾಚೆ ಉಳಿದುಕೊಂಡು, ರಾತ್ರಿ ಪಂದ್ಯ ಮುಗಿದ ಮೇಲೆ ಮೈನಸ್ ಇಪ್ಪತ್ತರಲ್ಲಿ ಬಸ್ಸಿಗೆ ಕಾಯುವುದು ಅವರಿಗೆ ಶಿಕ್ಷೆ.

ಕಾರಲ್ಲೇ ಹೋಗುತ್ತೀರಾದರೆ ಎರಡು ಮಾತು. ಒಂಟಾರಿಯೊದಲ್ಲಿ ಕೆಂಪು ದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗುವ ಅಭ್ಯಾಸ ನಮಗೆಲ್ಲ ಇದೆ. ಮಾಂಟ್ರಿಯಲ್ ದ್ವೀಪದಲ್ಲಿ ಅದು ನಿಷಿದ್ಧ. ಎರಡನೆಯದು ಪಾರ್ಕಿಂಗ್. ಹಿಮ ತೆಗೆಯುವ ದಿನ ರಸ್ತೆ ಬದಿಯಲ್ಲಿ ಕಿತ್ತಳೆ ಬಣ್ಣದ ಬೋರ್ಡ್ ಹಾಕುತ್ತಾರೆ, ಆಮೇಲೆ ಟೋ ಮಾಡುವ ಲಾರಿ ಸೈರನ್ ಊದುತ್ತಾ ಬರುತ್ತದೆ. ಆ ಸೈರನ್ ಕೇಳಿದರೆ ಅಲ್ಲಿಯವರು ಚಪ್ಪಲಿಯಲ್ಲೇ ಓಡಿ ಬರುವುದನ್ನು ಹೋಟೆಲ್ ಕಿಟಕಿಯಿಂದ ನೋಡಿದೆವು. ದುಡ್ಡು ಕೊಟ್ಟು ಗ್ಯಾರೇಜಿನಲ್ಲೇ ನಿಲ್ಲಿಸಿ.

ಬೆಂಗಳೂರಿನಿಂದ ನೇರವಾಗಿ ಇದಕ್ಕೆಂದೇ ಬರುವವರು ವೀಸಾಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. ವಿಮಾನ ನಿಲ್ದಾಣದಿಂದ ಪೇಟೆಗೆ 747 ನಂಬರ್ ಬಸ್ ಹಗಲೂ ರಾತ್ರಿ ಓಡುತ್ತದೆ, ಟ್ಯಾಕ್ಸಿ ಬೇಕಿಲ್ಲ.

ಮಾಂಟ್ರಿಯಲ್‌ಗೂ ಮುಂಚೆ ಟೊರೊಂಟೊದಲ್ಲೇ ಒಂದು ಕೆಲಸ ಮುಗಿಸಿ. ಯಂಗ್ ಮತ್ತು ಫ್ರಂಟ್ ರಸ್ತೆಗಳು ಸೇರುವ ಕಡೆ ಹಳೆಯ ಬ್ಯಾಂಕ್ ಕಟ್ಟಡದಲ್ಲಿ ಹಾಕಿ ಹಾಲ್ ಆಫ್ ಫೇಮ್ ಇದೆ. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಬೆಳ್ಳಿ ಬಟ್ಟಲಿನ ಅಸಲು ಅಲ್ಲಿನ ತಿಜೋರಿ ಕೋಣೆಯಲ್ಲಿದೆ. ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಈಗಿನ ಎತ್ತರದ ಸ್ಟ್ಯಾನ್ಲಿ ಕಪ್ ಮೇಲೆ ಗೆದ್ದವರ ಹೆಸರುಗಳನ್ನು ಕೆತ್ತಿರುತ್ತಾರೆ. ಅದರಲ್ಲಿ 1919ರ ಸಾಲನ್ನು ಹುಡುಕಿ. ಆ ವರ್ಷ ಕೆನೇಡಿಯನ್ಸ್ ಮತ್ತು ಸಿಯಾಟಲ್ ನಡುವಿನ ಫೈನಲ್ ನಡೆಯುತ್ತಿರುವಾಗಲೇ ಇನ್‌ಫ್ಲುಯೆಂಜಾ ಬಡಿಯಿತು. ಆಟಗಾರರು ಹಾಸಿಗೆ ಹಿಡಿದರು, ಕೆನೇಡಿಯನ್ಸ್‌ನ ಜೋ ಹಾಲ್ ಏಪ್ರಿಲ್ 5ರಂದು ಸಿಯಾಟಲ್‌ನಲ್ಲೇ ತೀರಿಕೊಂಡರು. ಕಪ್ ಯಾರಿಗೂ ಸಿಗಲಿಲ್ಲ. ಎರಡೂ ತಂಡಗಳ ಹೆಸರು ಕೆತ್ತಿ, ಸರಣಿ ಪೂರ್ತಿಯಾಗಲಿಲ್ಲ ಎಂದು ಬರೆದಿದ್ದಾರೆ. ನಮ್ಮ ಮಾವ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಓದಿಸಿಕೊಂಡರು. ನಮ್ಮ ಕಡೆಯೂ ಆ ಜ್ವರದಲ್ಲಿ ಮನೆ ಮನೆ ಖಾಲಿಯಾಗಿದ್ದನ್ನು ಅವರ ಅಜ್ಜಿ ಹೇಳುತ್ತಿದ್ದರಂತೆ.

ಒಂದೇ ಮಧ್ಯಾಹ್ನದ ನಡಿಗೆ

ಮಾಂಟ್ರಿಯಲ್‌ನಲ್ಲಿ ನಡಿಗೆಯನ್ನು ಡ್ರಮಂಡ್ ರಸ್ತೆಯಿಂದ ಶುರುಮಾಡಿ. ಡ್ರಮಂಡ್ ಮತ್ತು ಸ್ಟ್ಯಾನ್ಲಿ ರಸ್ತೆಗಳ ನಡುವೆ ಹಿಂದೆ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳ ಇತ್ತು. 1875ರ ಮಾರ್ಚ್ 3ರಂದು ಜೇಮ್ಸ್ ಕ್ರೈಟನ್ ಎಂಬಾತ ಒಂಬತ್ತೊಂಬತ್ತು ಜನರ ಎರಡು ತಂಡ ಕಟ್ಟಿ ಸೂರಿನ ಕೆಳಗೆ ಪಂದ್ಯ ಆಡಿಸಿದ್ದು ಇಲ್ಲೇ. ಚೆಂಡು ಪುಟಿದು ಜನರಿಗೆ ಬಡಿಯಬಾರದೆಂದು ಚಪ್ಪಟೆ ಮರದ ಬಿಲ್ಲೆ ಬಳಸಿದರು. ಇಂದಿನ ಸಂಘಟಿತ ಐಸ್ ಹಾಕಿ ಆ ಸಂಜೆಯಿಂದಲೇ ಶುರುವಾಯಿತೆಂದು ಲೆಕ್ಕ. ಸ್ಟ್ಯಾನ್ಲಿ ಕಪ್‌ನ ಮೊದಲ ಪ್ಲೇಆಫ್ ಪಂದ್ಯಗಳು 1894ರಲ್ಲಿ ನಡೆದದ್ದೂ ಇದೇ ರಿಂಕ್‌ನಲ್ಲಿ.

ಈಗ ಅಲ್ಲಿ ಕಾರು ನಿಲ್ಲಿಸುವ ಗ್ಯಾರೇಜ್ ಇದೆ.

"ಏನಮ್ಮಾ, ಇದನ್ನ ನೋಡೋಕಾ ಈ ಚಳೀಲಿ ಕರ್ಕೊಂಡು ಬಂದಿದ್ದು?" ಅಂದರು ಮಾವ.

"ಹೌದು ಮಾವ, ಎಲ್ಲಾ ಶುರುವಾಗಿದ್ದು ಇಲ್ಲೇ."

"ಕಾರಿಗೆ ಜಾಗ ಸಿಕ್ತು, ಚರಿತ್ರೆಗೆ ಸಿಗಲಿಲ್ಲ ಅನ್ನು."

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಪೀಲ್ ರಸ್ತೆ, ಡಾರ್ಚೆಸ್ಟರ್ ಚೌಕ. ಇಲ್ಲಿದ್ದ ವಿಂಡ್ಸರ್ ಹೋಟೆಲಿನ ಬಹುಭಾಗ ಈಗಿಲ್ಲ, ಉತ್ತರದ ಒಂದು ಭಾಗ ಮಾತ್ರ ಕಚೇರಿಗಳಾಗಿ ಉಳಿದಿದೆ. 1917ರ ನವೆಂಬರ್ 26ರಂದು ಈ ಹೋಟೆಲಿನಲ್ಲಿ ಈಗಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಹುಟ್ಟಿತು. ಹುಟ್ಟಿನ ಕಾರಣ ಕೇಳಿದರೆ ನಗು ಬರುತ್ತದೆ. ಆಗಿದ್ದ ಎನ್‌ಎಚ್‌ಎ ಲೀಗಿನ ಮಾಲೀಕರಿಗೆ ಟೊರೊಂಟೊ ತಂಡದ ಮಾಲೀಕ ಎಡ್ಡಿ ಲಿವಿಂಗ್‌ಸ್ಟನ್ ಕಂಡರೆ ಆಗುತ್ತಿರಲಿಲ್ಲ. ಅವನನ್ನು ಹೊರಹಾಕಲು ನಿಯಮದಲ್ಲಿ ದಾರಿಯಿರಲಿಲ್ಲ. ಹಾಗಾಗಿ ಅವನೊಬ್ಬನನ್ನು ಹಳೆಯ ಲೀಗಿನಲ್ಲಿ ಬಿಟ್ಟು ಉಳಿದವರೆಲ್ಲ ಹೊಸ ಲೀಗ್ ಮಾಡಿಕೊಂಡರು! ನಮ್ಮ ಸಂಘ ಸಂಸ್ಥೆಗಳ ಒಳಜಗಳ ಕಂಡವರಿಗೆ ಇದು ಹೊಸದೇನಲ್ಲ.

ಅಂದರೆ ಕೆನೇಡಿಯನ್ಸ್ ಕ್ಲಬ್‌ಗೆ ಎನ್‌ಎಚ್‌ಎಲ್‌ಗಿಂತ ಹೆಚ್ಚು ವಯಸ್ಸು. ಅದು ಶುರುವಾದದ್ದು 1909ರ ಡಿಸೆಂಬರ್ 4ರಂದು, ಎನ್‌ಎಚ್‌ಎ ಲೀಗಿಗಾಗಿ. ಫ್ರೆಂಚ್ ಮಾತಾಡುವ ಆಟಗಾರರಿಗೊಂದು ತಂಡ ಎಂದು ಅದನ್ನು ಕಟ್ಟಿದ್ದು ಒಂಟಾರಿಯೊದ ಗಣಿ ಶ್ರೀಮಂತರ ಮನೆಯ ಆಂಬ್ರೋಸ್ ಒಬ್ರಾಯನ್. ಊರಿನ ಇಂಗ್ಲಿಷರ ತಂಡಕ್ಕೆ ಎದುರಾಗಿ ಫ್ರೆಂಚರದ್ದೊಂದು ನಿಂತರೆ ಟಿಕೆಟ್ ಚೆನ್ನಾಗಿ ಮಾರಾಟವಾಗುತ್ತದೆ ಎಂಬ ವ್ಯಾಪಾರಿ ಲೆಕ್ಕವೂ ಅದರ ಹಿಂದಿತ್ತು. ಜಾಕ್ ಲವಿಯೊಲೆಟ್ ತಂಡ ಕೂಡಿಸಿದರು, 1910ರ ಜನವರಿ 5ರಂದು ಮೊದಲ ಪಂದ್ಯ, ಕೊಬಾಲ್ಟ್ ತಂಡದ ಮೇಲೆ 7–6 ಗೆಲುವು. 1916ರಲ್ಲಿ ಮೊದಲ ಸ್ಟ್ಯಾನ್ಲಿ ಕಪ್. 1921ರಲ್ಲಿ ಇಡೀ ಕ್ಲಬ್ 11,000 ಡಾಲರ್‌ಗೆ ಕೈ ಬದಲಾಯಿತು. ಈಗ ಅಷ್ಟು ದುಡ್ಡಿಗೆ ಒಂದು ಸಾಧಾರಣ ಹಳೆಯ ಕಾರು ಬಂದರೆ ಹೆಚ್ಚು.

ಚೌಕದ ಇನ್ನೊಂದು ಬದಿಯ ಭಾರೀ ಕಲ್ಲಿನ ಕಟ್ಟಡ ಸನ್ ಲೈಫ್. ಎನ್‌ಎಚ್‌ಎಲ್ ಕಚೇರಿ ಬಹುಕಾಲ ಅಲ್ಲಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೆನೇಡಿಯನ್ಸ್ ಹಿಂದೆ ಆಡುತ್ತಿದ್ದ ಫೋರಂ ಹತ್ತಿರ ಬೇಕಾಗುತ್ತದೆ.

ಮುಂದೆ ಹಳೆಯ ವಿಂಡ್ಸರ್ ರೈಲು ನಿಲ್ದಾಣದ ಕಲ್ಲಿನ ಕಟ್ಟಡ, ಅದಕ್ಕೆ ಅಂಟಿಕೊಂಡಂತೆ ಬೆಲ್ ಸೆಂಟರ್. ಪಕ್ಕದಲ್ಲೇ ನಾಲ್ಕು ಕಂಚಿನ ಪ್ರತಿಮೆಗಳಿವೆ: ಹೋವಿ ಮೊರೆಂಜ್, ಮೊರೀಸ್ ರಿಷಾರ್, ಜಾಂ ಬೆಲಿವೊ, ಗೀ ಲಫ್ಲೂರ್. ಎಲ್ಲರೂ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀವು ಸ್ವಲ್ಪ ನಿಂತು ಒಬ್ಬೊಬ್ಬರ ಕಾಲವನ್ನು ಜೋಡಿಸಿ ನೋಡಿ, ಕ್ಲಬ್‌ನ ಬಹುಪಾಲು ಕಥೆ ಅಲ್ಲೇ ಸಿಗುತ್ತದೆ. ಮೊರೆಂಜ್ ಇಪ್ಪತ್ತು, ಮೂವತ್ತರ ದಶಕದ ಮಿಂಚು. 1937ರ ಜನವರಿಯಲ್ಲಿ ಪಂದ್ಯದಲ್ಲೇ ಕಾಲು ಮುರಿದು ಆಸ್ಪತ್ರೆ ಸೇರಿ, ಮಾರ್ಚ್ 8ರಂದು ಅಲ್ಲೇ ಪ್ರಾಣಬಿಟ್ಟರು. ಅವರ ಅಂತಿಮ ದರ್ಶನಕ್ಕೆ ಶವಪೆಟ್ಟಿಗೆಯನ್ನು ಇಟ್ಟದ್ದು ಅವರು ಆಡುತ್ತಿದ್ದ ರಿಂಕ್‌ನ ನಡುವಿನಲ್ಲೇ. ರಿಷಾರ್ ನಲವತ್ತು, ಐವತ್ತರ ದಶಕದವರು. ಬೆಲಿವೊ ಆಟಗಾರನಾಗಿ ಹತ್ತು ಕಪ್ ಗೆದ್ದವರು. ಅವರನ್ನು ಪಡೆಯಲು ಕ್ಲಬ್ 1953ರಲ್ಲಿ ಅವರು ಆಡುತ್ತಿದ್ದ ಲೀಗಿನ ಹಕ್ಕನ್ನೇ ಕೊಂಡುಕೊಂಡಿತಂತೆ. ನಿವೃತ್ತಿಯ ಮೇಲೆ ಗವರ್ನರ್ ಜನರಲ್ ಪದವಿ ಕೊಡುತ್ತೇವೆಂದಾಗ, ಮನೆಯವರ ಜೊತೆ ಇರಬೇಕು ಎಂದು ಬೇಡವೆಂದರು. ಲಫ್ಲೂರ್ ಎಪ್ಪತ್ತರ ದಶಕ. 1976ರಿಂದ 1979ರವರೆಗೆ ಸತತ ನಾಲ್ಕು ಕಪ್, ಅದರಲ್ಲೂ 1976–77ರಲ್ಲಿ ಎಂಬತ್ತು ಪಂದ್ಯಗಳಲ್ಲಿ ಸೋತದ್ದು ಎಂಟೇ ಎಂಟು.

ಫೋರಂ

ಬೆಲ್ ಸೆಂಟರ್‌ನಿಂದ ಸೇಂಟ್ ಕ್ಯಾಥರೀನ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೆಚ್ಚು ಕಡಿಮೆ ಅರ್ಧ ಗಂಟೆ ನಡೆದರೆ ಫೋರಂ. ಗಾಳಿ ಇದ್ದರೆ ನಡೆಯಬೇಡಿ, ಪೀಲ್‌ನಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿ ಆಟ್‌ವಾಟರ್‌ನಲ್ಲಿ ಇಳಿಯಿರಿ. ಹೋಗುವ ಮುಂಚೆ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ: ಅದು ಈಗ ಸ್ಟೇಡಿಯಂ ಅಲ್ಲ. ಸಿನಿಮಾ ಮಂದಿರ, ತಿಂಡಿ ಅಂಗಡಿಗಳಿರುವ ಸಾಮಾನ್ಯ ಮಾಲ್. ಒಳಗೆ ನಡುವೆ ನೆಲದ ಮೇಲೆ ಹಳೆಯ ರಿಂಕ್‌ನ ಮಧ್ಯಬಿಂದುವಿನ ಗುರುತು ಮಾಡಿದ್ದಾರೆ, ಪಕ್ಕದಲ್ಲಿ ಪ್ರೇಕ್ಷಕರ ಮೆಟ್ಟಿಲು ಗ್ಯಾಲರಿಯ ಒಂದು ತುಣುಕನ್ನು ಇರಿಸಿದ್ದಾರೆ. ಜನ ಪಾಪ್‌ಕಾರ್ನ್ ಹಿಡಿದು ಆ ಗುರುತಿನ ಮೇಲೆಯೇ ನಡೆದುಹೋಗುತ್ತಿರುತ್ತಾರೆ. ನಾವು ಮೂವರೂ ಆ ಮೆಟ್ಟಿಲ ಮೇಲೆ ಕೂತು ಬ್ಯಾಗಿನಲ್ಲಿದ್ದ ಚಕ್ಕುಲಿ ತಿಂದೆವು. ಯಾರೂ ಏನೂ ಅನ್ನಲಿಲ್ಲ.

ಫೋರಂ ಅನ್ನು 1924ರಲ್ಲಿ ಕಟ್ಟಿದ್ದು ಕೆನೇಡಿಯನ್ಸ್‌ಗಾಗಿ ಅಲ್ಲ, ಊರಿನ ಇಂಗ್ಲಿಷರ ತಂಡ ಮರೂನ್ಸ್‌ಗಾಗಿ. ಆದರೆ ಅದರ ಮೊದಲ ಪಂದ್ಯ ಆಡಿದ್ದು ಕೆನೇಡಿಯನ್ಸ್! ನವೆಂಬರ್ 29ರಂದು ಅವರ ಸ್ವಂತ ಅಂಗಳದಲ್ಲಿ ಮಂಜುಗಡ್ಡೆ ಇನ್ನೂ ತಯಾರಾಗಿರಲಿಲ್ಲ, ಫೋರಂಗೆ ಬಂದು ಟೊರೊಂಟೊವನ್ನು 7–1ರಲ್ಲಿ ಸೋಲಿಸಿ ಹೋದರು. 1926ರಲ್ಲಿ ಅಲ್ಲೇ ನೆಲೆಯಾದರು. ಮರೂನ್ಸ್ 1938ರಲ್ಲಿ ಮುಚ್ಚಿತು. ಬಾಡಿಗೆಗೆ ಬಂದವರು ಮನೆಯವರಾದರು.

1955ರ ಮಾರ್ಚ್ 17ರ ಕಥೆಯನ್ನು ಅಲ್ಲಿ ಕೂತೇ ಹೇಳಿಕೊಳ್ಳಬೇಕು. ಮೊರೀಸ್ ರಿಷಾರ್ ಆಗ ಫ್ರೆಂಚ್ ಕ್ವಿಬೆಕ್‌ನ ದೇವರು. 1944–45ರಲ್ಲಿ ಐವತ್ತು ಪಂದ್ಯಗಳಲ್ಲಿ ಐವತ್ತು ಗೋಲು ಹೊಡೆದ ಮೊದಲಿಗ. ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಎದುರಾಳಿಯ ಸ್ಟಿಕ್ ತಲೆಗೆ ಬಿದ್ದು ರಕ್ತ ಬಂತು, ರಿಷಾರ್ ತಿರುಗಿಬಿದ್ದರು, ಬಿಡಿಸಲು ಹಿಡಿದುಕೊಂಡ ಲೈನ್ಸ್‌ಮನ್‌ಗೂ ಗುದ್ದಿದರು. ಆ ಸನ್ ಲೈಫ್ ಕಟ್ಟಡದಲ್ಲಿ ಕಚೇರಿಯಿದ್ದ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ರಿಷಾರ್‌ರನ್ನು ಉಳಿದ ಪಂದ್ಯಗಳಿಂದಲೂ ಇಡೀ ಪ್ಲೇಆಫ್‌ನಿಂದಲೂ ಹೊರಗಿಟ್ಟರು. ತಪ್ಪಿಗೆ ಶಿಕ್ಷೆ ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಕಂಪನಿ, ಬ್ಯಾಂಕುಗಳಲ್ಲಿ ಮೇಲಿನ ಕುರ್ಚಿಗಳೆಲ್ಲ ಇಂಗ್ಲಿಷರದ್ದು, ಕೆಳಗೆ ದುಡಿಯುವವರು ಫ್ರೆಂಚರು ಎಂಬ ಕಾಲ ಅದು. ಇಂಗ್ಲಿಷ್ ಸಾಹೇಬನೊಬ್ಬ ತಮ್ಮ ಹುಡುಗನನ್ನು ತುಳಿದ ಎಂದೇ ಜನಕ್ಕೆ ಕಂಡಿತು.

ಮಾರ್ಚ್ 17ರಂದು ಫೋರಂನಲ್ಲಿ ಡೆಟ್ರಾಯಿಟ್ ವಿರುದ್ಧ ಪಂದ್ಯ. ಬರಬೇಡಿ ಎಂದು ಎಚ್ಚರಿಸಿದರೂ ಕ್ಯಾಂಪ್‌ಬೆಲ್ ಬಂದು ಕೂತರು. ಟೊಮೆಟೊ, ಮೊಟ್ಟೆ ತೂರಿಬಂದವು. ಆಮೇಲೆ ಯಾರೋ ಅಶ್ರುವಾಯು ಡಬ್ಬಿ ಎಸೆದರು. 4–1ರಲ್ಲಿ ಮುಂದಿದ್ದ ಡೆಟ್ರಾಯಿಟ್‌ಗೆ ಪಂದ್ಯ ಬಿಟ್ಟುಕೊಟ್ಟು ಜನರನ್ನು ಹೊರಗೆ ಕಳಿಸಿದರು. ಹೊರಗೆ ಬಂದವರು ಸೇಂಟ್ ಕ್ಯಾಥರೀನ್ ರಸ್ತೆಯುದ್ದಕ್ಕೂ ಅಂಗಡಿ ಗಾಜು ಒಡೆಯುತ್ತಾ, ಲೂಟಿ ಮಾಡುತ್ತಾ ಹೋದರು. ನೀವು ನಡೆದು ಬಂದಿದ್ದರೆ ಬಂದ ದಾರಿ ಅದೇ. ಮಾರನೆಯ ದಿನ ರಿಷಾರ್ ರೇಡಿಯೊದಲ್ಲಿ ಎರಡೂ ಭಾಷೆಯಲ್ಲಿ ಶಾಂತರಾಗಿ ಎಂದು ಕೇಳಿಕೊಂಡ ಮೇಲೆ ಊರು ತಣ್ಣಗಾಯಿತು. 1960ರ ದಶಕದಲ್ಲಿ ಕ್ವಿಬೆಕ್‌ನ ಫ್ರೆಂಚರು ತಮ್ಮ ಭಾಷೆ, ತಮ್ಮ ಆಡಳಿತ ಎಂದು ಎದ್ದುನಿಂತರಲ್ಲ, ಅದರ ಮೊದಲ ಕಿಡಿಗಳಲ್ಲಿ ಈ ರಾತ್ರಿಯನ್ನೂ ಅನೇಕ ಚರಿತ್ರಕಾರರು ಸೇರಿಸುತ್ತಾರೆ. ಅದೇ ತಂಡ ಮುಂದಿನ ವರ್ಷದಿಂದ, 1956ರಿಂದ 1960ರವರೆಗೆ, ಸತತ ಐದು ಕಪ್ ಗೆದ್ದಿತು. ಆ ದಾಖಲೆಯನ್ನು ಇನ್ನೂ ಯಾರೂ ಮುಟ್ಟಿಲ್ಲ.

ಭಾಷೆಯ ಕಾವು ಈಗಲೂ ಆರಿಲ್ಲ. 2011ರ ಡಿಸೆಂಬರ್‌ನಲ್ಲಿ ಫ್ರೆಂಚ್ ಬಾರದ ರ‍್ಯಾಂಡಿ ಕನ್ನಿವರ್ತ್ ಅವರನ್ನು ಹಂಗಾಮಿ ಕೋಚ್ ಮಾಡಿದಾಗ ಬೆಲ್ ಸೆಂಟರ್ ಮುಂದೆ ಪ್ರತಿಭಟನೆಯೇ ನಡೆಯಿತು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಗಡಿಯಲ್ಲಿ, ಟಿಕೆಟ್ ಕೌಂಟರಿನಲ್ಲಿ ಮೊದಲು ಒಂದು 'ಬೋಂಜೂರ್' ಅನ್ನಿ. ಆಮೇಲೆ ಇಂಗ್ಲಿಷಿಗೆ ಅವರೇ ಬರುತ್ತಾರೆ, ಅದೂ ನಗುನಗುತ್ತಾ.

ಫೋರಂನ ಕೊನೆಯ ಪಂದ್ಯ 1996ರ ಮಾರ್ಚ್ 11ರಂದು. ಅಂದು ಹಳೆಯ ನಾಯಕರನ್ನೆಲ್ಲ ಮಂಜಿನ ಮೇಲೆ ಕರೆದಾಗ ರಿಷಾರ್‌ಗೆ ಜನ ಎದ್ದುನಿಂತು ಚಪ್ಪಾಳೆ ಹೊಡೆದರು, ಸಾಕು ಎಂದು ಅವರು ಕೈಸನ್ನೆ ಮಾಡಿದರೂ ನಿಮಿಷಗಟ್ಟಲೆ ನಿಲ್ಲಿಸಲಿಲ್ಲ. ಅದರ ವಿಡಿಯೊವನ್ನು ಫೋನಿನಲ್ಲಿ ಮೊದಲೇ ಇಟ್ಟುಕೊಂಡು ಹೋಗಿ, ಆ ಮೆಟ್ಟಿಲ ಮೇಲೆ ಕೂತು ನೋಡಿ. ನಮ್ಮ ಮಾವ ಎರಡು ಸಲ ಹಾಕಿಸಿಕೊಂಡರು.

ಪಂದ್ಯ ನೋಡುವುದೇ ಆದರೆ

ಲೀಗ್ ಅಕ್ಟೋಬರ್‌ನಿಂದ ಏಪ್ರಿಲ್ ನಡುವಿನವರೆಗೆ, ಆಮೇಲೆ ಪ್ಲೇಆಫ್. ಶನಿವಾರ ರಾತ್ರಿ ಟೊರೊಂಟೊ ಅಥವಾ ಬಾಸ್ಟನ್ ಎದುರಿನ ಪಂದ್ಯ ಬೇಕೆಂದರೆ ಜೇಬು ಸುಡುತ್ತದೆ. ವಾರದ ನಡುವೆ, ಹಳೆಯ ಹಗೆತನವಿಲ್ಲದ ಅಮೆರಿಕದ ದಕ್ಷಿಣದ ತಂಡವೊಂದು ಬಂದಾಗ ಬೆಲೆ ಎಷ್ಟೋ ಇಳಿಯುತ್ತದೆ. ಟಿಕೆಟ್‌ಗಳೆಲ್ಲ ಫೋನಿನಲ್ಲೇ. ರಸ್ತೆಯಲ್ಲಿ ಮಾರುವವರ ಹತ್ತಿರ ಹೋಗಬೇಡಿ. ದೊಡ್ಡ ಬ್ಯಾಗನ್ನು ಹೋಟೆಲಿನಲ್ಲೇ ಬಿಡಿ, ಬಾಗಿಲಲ್ಲಿ ತಡೆಯುತ್ತಾರೆ. ಬೆಲ್ ಸೆಂಟರ್‌ನಲ್ಲಿ ಸುಮಾರು 21,000 ಜನ ಕೂರುತ್ತಾರೆ, ಬೇಗ ಹೋದಷ್ಟೂ ಒಳ್ಳೆಯದು. ಆಟಗಾರರು ಅಭ್ಯಾಸಕ್ಕೆ ಇಳಿಯುವುದನ್ನೂ ನೋಡಬಹುದು.

ಹೊಸಬರು ಮೇಲಿನ 400ರ ಸಾಲಿನ ಸೀಟುಗಳಿಗೆ ಹೆದರಬೇಡಿ. ಪಕ್, ಅಂದರೆ ಆಡುವ ಬಿಲ್ಲೆ, ಚಿಕ್ಕದು, ಓಟ ಜೋರು, ಕೆಳಗೆ ಗಾಜಿನ ಹತ್ತಿರ ಕೂತರೆ ಅರ್ಧ ಆಟ ಎಲ್ಲಿ ನಡೆಯುತ್ತಿದೆ ಎಂದೇ ತಿಳಿಯುವುದಿಲ್ಲ. ಮೇಲಿಂದ ಇಡೀ ಅಂಗಳ ಕೇರಂ ಬೋರ್ಡಿನ ಹಾಗೆ ಕಣ್ಣ ಮುಂದಿರುತ್ತದೆ. ಮೆಟ್ಟಿಲು ಮಾತ್ರ ಬಹಳ ಕಡಿದು, ಹಿರಿಯರಿಗೆ ಕೈಹಿಡಿದು ಇಳಿಸಬೇಕು. ಆಟದ ವಿಷಯ ಇಷ್ಟು ಸಾಕು: ಒಂದು ಕಡೆ ಆರು ಜನ, ಗೋಲಿ (ಗೋಲ್‌ಕೀಪರ್) ಸೇರಿ. ಇಪ್ಪತ್ತು ನಿಮಿಷದ ಮೂರು ಅವಧಿ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ.

ಆ ಎರಡು ನಿಮಿಷದಲ್ಲೂ ಈ ಕ್ಲಬ್‌ನ ಚರಿತ್ರೆ ಇದೆ. ಹಿಂದೆ ಎದುರಾಳಿ ಎಷ್ಟೇ ಗೋಲು ಹೊಡೆದರೂ ಶಿಕ್ಷೆಯಲ್ಲಿದ್ದವನು ಪೂರ್ತಿ ಎರಡು ನಿಮಿಷ ಕೂತಿರಬೇಕಿತ್ತು. 1955ರ ನವೆಂಬರ್‌ನಲ್ಲಿ ಬಾಸ್ಟನ್ ವಿರುದ್ಧ ಬೆಲಿವೊ ಅಂಥ ಹೊತ್ತಿನಲ್ಲಿ 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. ಇವರ ಕಾಟ ತಡೆಯಲಾರದೆ 1956ರಲ್ಲಿ ಲೀಗ್ ನಿಯಮವನ್ನೇ ಬದಲಿಸಿತು: ಒಂದು ಗೋಲು ಬಿದ್ದರೆ ಹೊರಗಿದ್ದವನು ಒಳಗೆ ಬರಬಹುದು. ಗೋಲಿಯ ಮುಖವಾಡವೂ ಹಾಗೆಯೇ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಡಿದು ಮುಖ ಹರಿದುಕೊಂಡ ಕೆನೇಡಿಯನ್ಸ್ ಗೋಲಿ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡು, ಮುಖವಾಡ ಹಾಕದೆ ಮತ್ತೆ ಇಳಿಯುವುದಿಲ್ಲ ಎಂದು ಹಟ ಹಿಡಿದರು. ಕೋಚ್ ಟೋ ಬ್ಲೇಕ್‌ಗೆ ಅದು ಇಷ್ಟವಿರಲಿಲ್ಲ, ಆದರೆ ಬದಲಿ ಗೋಲಿ ಇರಲಿಲ್ಲ. ಪ್ಲಾಂಟ್ ಮುಖವಾಡ ಹಾಕಿ ಆಡಿದರು, ತಂಡ ಗೆದ್ದಿತು, ಅಲ್ಲಿಂದ ಅದು ರೂಢಿಯಾಯಿತು.

ಇನ್ನು ತಲೆ ಎತ್ತಿ ಮಾಡಿನ ಕಡೆ ನೋಡಿ. 24 ಕಪ್‌ಗಳ ಬಾವುಟಗಳು, ಇನ್ನು ಯಾರಿಗೂ ಕೊಡಬಾರದೆಂದು ನಿವೃತ್ತಗೊಳಿಸಿದ ಅಂಗಿ ನಂಬರುಗಳು. ಹದಿನೈದು ನಂಬರು, ಹದಿನೆಂಟು ಆಟಗಾರರು. 29 ಕೆನ್ ಡ್ರೈಡನ್ ಅವರದು. ಗೋಲಿಯಾಗಿ ಆರು ಕಪ್ ಗೆದ್ದು, ನಡುವೆ ಕಾನೂನು ಓದಿ, ಮುಂದೆ ಸಂಸದರೂ ಸಚಿವರೂ ಆದವರು. 33 ಪ್ಯಾಟ್ರಿಕ್ ರುವಾ. 1993ರ ಪ್ಲೇಆಫ್‌ನಲ್ಲಿ ತಂಡ ಓವರ್‌ಟೈಮ್‌ಗೆ (ಹೆಚ್ಚುವರಿ ಅವಧಿಗೆ) ಹೋದ ಪಂದ್ಯಗಳಲ್ಲಿ ಸತತ ಹತ್ತನ್ನು ಗೆದ್ದು 24ನೆಯ ಕಪ್ ಎತ್ತಿದ್ದು ಅವರ ಬಲದಿಂದ. ಆ ಬಾವುಟದ ಪಕ್ಕದ ಜಾಗ ಅಲ್ಲಿಂದೀಚೆಗೆ ಖಾಲಿ. 2021ರಲ್ಲಿ ಫೈನಲ್‌ವರೆಗೆ ಹೋಗಿ ಟ್ಯಾಂಪಾ ಎದುರು ಸೋತರು.

ನಮ್ಮವರಿಗೆ ಒಂದು ಖುಷಿಯ ವಿಷಯ. 2014–15ರಲ್ಲಿ ಈ ತಂಡಕ್ಕೆ ಮ್ಯಾನಿ ಮಲ್ಹೋತ್ರಾ ಎಂಬ ಆಟಗಾರರಿದ್ದರು. ತಂದೆ ಭಾರತೀಯ ಮೂಲದವರು, ತಾಯಿ ಫ್ರೆಂಚ್ ಕೆನೇಡಿಯನ್. ಇದನ್ನು ಹೇಳಿದ್ದೇ ತಡ, ಅಲ್ಲಿಯವರೆಗೆ "ಬಾಲ್ ಎಲ್ಲಮ್ಮಾ ಕಾಣ್ತಾನೇ ಇಲ್ಲ" ಅನ್ನುತ್ತಿದ್ದ ಮಾವನವರು ಕೆನೇಡಿಯನ್ಸ್ ಕಡೆ ಆಗಿಬಿಟ್ಟರು.

ರಿಷಾರ್‌ನ ಬೆನ್ನು ಹಿಡಿದು

ಇನ್ನೊಂದು ದಿನ ಕೈಯಲ್ಲಿದ್ದರೆ ಹಸಿರು ಲೈನ್‌ನಲ್ಲೇ ಪೂರ್ವಕ್ಕೆ ವಿಯೋ ನಿಲ್ದಾಣಕ್ಕೆ ಹೋಗಿ. ಒಲಿಂಪಿಕ್ ಸ್ಟೇಡಿಯಂ ಪಕ್ಕದಲ್ಲಿ ಮೊರೀಸ್ ರಿಷಾರ್ ಹೆಸರಿನ ಅರೇನಾ, ಅದರ ಮುಂದೆ ಅವರ ಪ್ರತಿಮೆ ಇದೆ. 2000ದ ಮೇ 31ರಂದು ಅವರ ಅಂತ್ಯಸಂಸ್ಕಾರ ನಡೆದದ್ದು ಪ್ರವಾಸಿಗರೆಲ್ಲ ಟಿಕೆಟ್ ಕೊಟ್ಟು ನೋಡುವ ಅದೇ ನೋತ್ರ ದಾಮ್ ಚರ್ಚಿನಲ್ಲಿ, ಪ್ರಾಂತ್ಯ ಸರ್ಕಾರದ ಗೌರವದೊಂದಿಗೆ. ಸಮಾಧಿ ಬೆಟ್ಟದ ಹಿಂಬದಿಯ ನೋತ್ರ ದಾಮ್ ದೆ ನೇಜ್ ಸ್ಮಶಾನದಲ್ಲಿದೆ. ಅದು ವಿಪರೀತ ದೊಡ್ಡದು, ಚಳಿಗಾಲದಲ್ಲಿ ಹುಡುಕಿಕೊಂಡು ಹೋಗಬೇಡಿ, ಬೇಸಿಗೆಗೆ ಬಿಡಿ.

ಊಟದ ಮಾತು ಚಿಕ್ಕದು. ಸಸ್ಯಾಹಾರಿಗಳಿಗೆ ಸ್ಟೇಡಿಯಂ ಒಳಗೆ ಹೇಳಿಕೊಳ್ಳುವಂಥದ್ದು ನಮಗೆ ಸಿಗಲಿಲ್ಲ, ತಿಂದುಕೊಂಡೇ ಹೋಗಿ. ಪೂಟೀನ್ (ಕರಿದ ಆಲೂಗಡ್ಡೆ, ಚೀಸ್ ಸೇರಿದ ಇಲ್ಲಿನ ತಿಂಡಿ) ಮೇಲೆ ಸುರಿಯುವ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸದ ಅಂಶ ಇರುತ್ತದೆ, ವೆಜಿಟೇರಿಯನ್ ಸಾಸ್ ಇದೆಯೇ ಎಂದು ಕೇಳಿ. ಸೌದೆ ಒಲೆಯಿಂದ ಬಿಸಿಬಿಸಿ ಇಳಿಸಿದ ಬೇಗಲ್ ಸಾಂ ವಿಯಾತರ್ ಅಥವಾ ಫೇರ್‌ಮೌಂಟ್ ರಸ್ತೆಯಲ್ಲಿ ಸಿಗುತ್ತದೆ, ಅದನ್ನು ಬೀದಿಯಲ್ಲಿ ನಿಂತೇ ತಿನ್ನಬೇಕು. ಅನ್ನ, ದೋಸೆ ಬೇಕೆನಿಸಿದರೆ ನೀಲಿ ಲೈನ್‌ನ ಪಾರ್ಕ್ ನಿಲ್ದಾಣಕ್ಕೆ ಹೋಗಿ. ಪಾರ್ಕ್ ಎಕ್ಸ್‌ಟೆನ್ಷನ್ ಬಡಾವಣೆಯಲ್ಲಿ ನಮ್ಮ ಉಪಖಂಡದವರ ಹೋಟೆಲುಗಳು ಸಾಲಾಗಿವೆ. ದಾವಣಗೆರೆ ಬೆಣ್ಣೆ ದೋಸೆಯನ್ನು ನಿರೀಕ್ಷಿಸಬೇಡಿ ಎಂದು ಮಾವನವರಿಗೆ ಮೊದಲೇ ಹೇಳಿದ್ದೆ. ಆದರೂ ಎರಡು ತಿಂದರು.

ಮೆಟ್ರೋದಲ್ಲಿ ಶುಕ್ರವಾರ ಸಂಜೆ 4ರಿಂದ ಸೋಮವಾರ ಬೆಳಗ್ಗೆ 5ರವರೆಗೆ ನಡೆಯುವ ವಾರಾಂತ್ಯದ ಪಾಸ್ ಸಿಗುತ್ತದೆ, ಕುಟುಂಬಕ್ಕೆ ಅದೇ ಲಾಭ.

ಕೆನೇಡಿಯನ್ಸ್ ಟಿಕೆಟ್ ಬೆಲೆ ನೋಡಿ ಎದೆ ಝಲ್ ಎಂದರೆ ಕಿತ್ತಳೆ ಲೈನ್‌ನ ಕೊನೆಯ ನಿಲ್ದಾಣ ಮೊಂಮೊರೆನ್ಸಿಗೆ ಹೋಗಿ. ಪಕ್ಕದಲ್ಲೇ ಲವಾಲ್‌ನ ಪ್ಲಾಸ್ ಬೆಲ್ ಇದೆ, ಸುಮಾರು ಹತ್ತು ಸಾವಿರ ಸೀಟಿನದು. ಕೆನೇಡಿಯನ್ಸ್‌ಗೆ ಹುಡುಗರನ್ನು ತಯಾರುಮಾಡುವ ಲವಾಲ್ ರಾಕೆಟ್ ತಂಡ ಅಲ್ಲಿ ಆಡುತ್ತದೆ. ರಾಕೆಟ್ ಅಂದರೆ ರಿಷಾರ್ ಅವರ ಅಡ್ಡಹೆಸರೇ. 2024ರಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗಿನ ಮಾಂಟ್ರಿಯಲ್ ತಂಡವೂ ಅಲ್ಲಿ ಆಡುತ್ತದೆ, ನಾಯಕಿ ಮರಿ ಫಿಲಿಪ್ ಪುಲಾಂ. ಬೆಲೆ ಕಡಿಮೆ, ಆಟ ಹತ್ತಿರದಿಂದ ಕಾಣುತ್ತದೆ, ಮಕ್ಕಳಿಗೆ ಇದೇ ಹೆಚ್ಚು ಹಿಡಿಸುತ್ತದೆ. ಲವಾಲ್ ಬೇರೆ ವಲಯ, ಮಾಂಟ್ರಿಯಲ್ ದ್ವೀಪಕ್ಕೆ ಮಾತ್ರ ಸಲ್ಲುವ ಪಾಸ್ ಅಲ್ಲಿ ನಡೆಯುವುದಿಲ್ಲ. ಎರಡೂ ವಲಯ ಸೇರಿದ ಟಿಕೆಟ್ ತೆಗೆದುಕೊಂಡೇ ಹತ್ತಿ, ವಾಪಸ್ ಬರುವುದಕ್ಕೂ ಸೇರಿಸಿ.